ವಿಮಾನ ಟಿಕೆಟ್ ದರ: ಬುಕ್ ಮಾಡುವ ಮುನ್ನ ಓದಿಕೊಳ್ಳುವುದು ಹೇಗೆ?

ಬೆಳಿಗ್ಗೆ ನೋಡಿದಾಗ ಒಂದು ದರ. ಮನೆಯವರನ್ನು ಕೇಳಿಕೊಂಡು ಸಂಜೆ ಬಂದರೆ ಇನ್ನೊಂದು ದರ. ವಿಮಾನ ಟಿಕೆಟ್ ತೆಗೆಯುವವರಿಗೆಲ್ಲ ಇದು ಗೊತ್ತಿರುವ ಸಂಕಟ. ‘ನಾವು ಹುಡುಕಿದ್ದು ಗೊತ್ತಾಗಿ ರೇಟು ಏರಿಸಿದರು’ ಅಂತ ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ನಡೆಯುವುದು ಬೇರೆ. ಒಂದೇ ಎಕಾನಮಿ ಕ್ಲಾಸಿಗೆ ಹತ್ತಾರು ದರಗಳನ್ನು ಕಂಪನಿ ಮೊದಲೇ ಗೊತ್ತುಮಾಡಿ ಇಟ್ಟಿರುತ್ತದೆ. ಅವುಗಳಲ್ಲಿ ಈ ಗಳಿಗೆ ಯಾವುದು ಮಾರಾಟಕ್ಕಿದೆ ಅನ್ನೋದು ಬದಲಾಗುತ್ತಾ ಇರುತ್ತದೆ. ಇಷ್ಟು ತಿಳಿದುಕೊಂಡು ಹುಡುಕಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಹೆಜ್ಜೆ 1: ಮೊತ್ತವನ್ನು ಬಿಡಿಸಿ ನೋಡಿ

ಪಾವತಿಗೆ ಮುಂಚೆ ‘ಫೇರ್ ಬ್ರೇಕಪ್’ ಅನ್ನೋದನ್ನು ಒತ್ತಿ. ಮೇಲೆ ಮೂಲ ದರ ಇರುತ್ತದೆ. ಅದರ ಕೆಳಗೆ ಕೆಲವು ಕಂಪನಿಗಳು ಹಾಕುವ ಇಂಧನ ಸರ್‌ಚಾರ್ಜ್, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕ, ಜಿಎಸ್‌ಟಿ. ಎಕಾನಮಿಗೆ ಜಿಎಸ್‌ಟಿ ಶೇ 5. ಬಿಸಿನೆಸ್ ಕ್ಲಾಸಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18. ಬೆಂಗಳೂರಿನಂಥ ದೊಡ್ಡ ನಿಲ್ದಾಣಗಳ ಬಳಕೆದಾರರ ಶುಲ್ಕವನ್ನು ಗೊತ್ತುಮಾಡುವುದು ಎಇಆರ್‌ಎ ಎಂಬ ನಿಯಂತ್ರಣ ಪ್ರಾಧಿಕಾರ. ವಿಮಾನ ಕಂಪನಿ ಅದನ್ನು ವಸೂಲಿ ಮಾಡಿಕೊಡುತ್ತದೆ ಅಷ್ಟೆ. ಹಾಗಾಗಿ ದಿನದಿಂದ ದಿನಕ್ಕೆ ಕುಣಿಯುವುದು ಮುಖ್ಯವಾಗಿ ಮೂಲ ದರವೇ. ಎರಡು ಆ್ಯಪ್‌ಗಳನ್ನು ಹೋಲಿಸುವಾಗ ಮಾತ್ರ ಮೊದಲ ಪುಟದ ಅಂಕಿಯನ್ನು ನಂಬಬೇಡಿ. ಕನ್ವೀನಿಯನ್ಸ್ ಫೀ, ಸೀಟಿನ ದುಡ್ಡು ಸೇರಿದ ಕೊನೇ ಪುಟದ ಮೊತ್ತವನ್ನು ನೋಡಿ.

ಹೆಜ್ಜೆ 2: ಪ್ರಕಟಿತ ದರಪಟ್ಟಿ ಹುಡುಕಿ

ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ವಿಮಾನಯಾನವನ್ನು ಸರ್ಕಾರಿ ಸಂಸ್ಥೆಗಳ ಕೈಯಲ್ಲೇ ಇಟ್ಟಿದ್ದ ಏರ್ ಕಾರ್ಪೊರೇಷನ್ಸ್ ಕಾಯ್ದೆ 1994ರಲ್ಲಿ ರದ್ದಾಯಿತು. ಅಲ್ಲಿಂದ ದೇಶದೊಳಗಿನ ಟಿಕೆಟ್ ದರವನ್ನು ಕಂಪನಿಗಳೇ ಗೊತ್ತುಮಾಡುತ್ತವೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ, ಸರ್ಕಾರವೇ ಕನಿಷ್ಠ, ಗರಿಷ್ಠ ಮಿತಿ ಹಾಕಿತ್ತು. ಅಂಥ ವಿಶೇಷ ಸಂದರ್ಭ ಬಿಟ್ಟರೆ ಕಂಪನಿಯದೇ ತೀರ್ಮಾನ. ಆದರೆ 1937ರ ವಿಮಾನ ನಿಯಮಗಳ 135ನೇ ನಿಯಮ ಒಂದು ಕಟ್ಟು ಹಾಕಿದೆ. ವೆಚ್ಚ, ಸೇವೆ, ನ್ಯಾಯವಾದ ಲಾಭ ಇವನ್ನೆಲ್ಲ ನೋಡಿ ದರ ನಿಗದಿ ಮಾಡಬೇಕು, ಮಾಡಿದ ದರವನ್ನು ಪ್ರಕಟಿಸಬೇಕು. ಅದರಲ್ಲಿ ಏರುಪೇರು ಆಗುತ್ತಿದೆಯೇ ಎಂದು ನೋಡಲು ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯಲ್ಲಿ ಒಂದು ಘಟಕವೇ ಇದೆ.

ಕಂಪನಿಯ ವೆಬ್‌ಸೈಟಿನಲ್ಲಿ ‘ಟ್ಯಾರಿಫ್’ ಅಂತ ಹುಡುಕಿ. ನಿಮ್ಮ ಮಾರ್ಗದ ಅತಿ ಕಡಿಮೆ ದರ ಯಾವುದು, ಅತಿ ಹೆಚ್ಚು ಯಾವುದು ಎಂದು ನೋಡಿಕೊಳ್ಳಿ. ನೀವು ಹೋಗುವ ದಿನದ ಮೂಲ ದರ ಆ ಪಟ್ಟಿಯ ತಳದ ಹತ್ತಿರ ಇದ್ದರೆ ಕಾಯುವುದರಲ್ಲಿ ಅರ್ಥವಿಲ್ಲ, ತೆಗೆದುಬಿಡಿ. ತುದಿಯ ಹತ್ತಿರ ಇದ್ದರೆ ದಿನ ಅಥವಾ ಹೊತ್ತು ಬದಲಿಸಲು ಸಾಧ್ಯವಾ ಎಂದು ಯೋಚಿಸಿ. ನಾಗರಿಕರಿಗೆ ಇಷ್ಟು ಉಪಯೋಗದ ಪಟ್ಟಿಯನ್ನು ಕಂಪನಿಗಳು ಇನ್ನೂ ಸುಲಭವಾಗಿ ಕಣ್ಣಿಗೆ ಬೀಳುವಂತೆ ಇಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 3: ಬಕೆಟ್ ಲೆಕ್ಕ ಅರ್ಥಮಾಡಿಕೊಳ್ಳಿ

ಟಿಕೆಟ್ ಮೇಲೆ ‘ಕ್ಲಾಸ್’ ಅಂತ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ವೈ ಅಂದರೆ ಸಾಮಾನ್ಯವಾಗಿ ಎಕಾನಮಿಯ ಪೂರ್ತಿ ದರ. ಉಳಿದ ಅಕ್ಷರಗಳು ಕಂಪನಿಯಿಂದ ಕಂಪನಿಗೆ ಬೇರೆ. ಒಂದೊಂದು ಅಕ್ಷರವೂ ಒಂದು ಬಕೆಟ್. ಅಗ್ಗದ ಬಕೆಟ್ ಖಾಲಿಯಾದರೆ ಅಥವಾ ಕಂಪನಿಯೇ ಅದನ್ನು ಮುಚ್ಚಿದರೆ ನಿಮಗೆ ಮೇಲಿನದು ಕಾಣುತ್ತದೆ.

ಮುಚ್ಚುವುದು ಯಾವಾಗ? ಇದರ ಮೊದಲ ಸೂತ್ರ ಕೊಟ್ಟವರು ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯ ಕೆನ್ ಲಿಟಲ್‌ವುಡ್, 1972ರಲ್ಲಿ. ಲೆಕ್ಕ ಸರಳ. ಒಂದು ಸೀಟಿಗೆ ಇವತ್ತು ಒಬ್ಬರು 5,000 ರೂಪಾಯಿ ಕೊಡಲು ತಯಾರಿದ್ದಾರೆ ಅಂದುಕೊಳ್ಳಿ. ಕೊನೇ ವಾರದಲ್ಲಿ ಕಚೇರಿ ಕೆಲಸದ ಮೇಲೆ ಹೋಗುವವರು ಅದೇ ಸೀಟಿಗೆ 12,000 ಕೊಡಬಹುದು. ಅವರು ಬರುವ ಸಾಧ್ಯತೆ ಅರ್ಧದಷ್ಟಿದ್ದರೆ ಕಾಯುವುದರ ಬೆಲೆ 6,000. ಅದು 5,000ಕ್ಕಿಂತ ಜಾಸ್ತಿ, ಹಾಗಾಗಿ ಅಗ್ಗದ ಬಕೆಟ್ ಮುಚ್ಚುತ್ತದೆ. ಸಾಧ್ಯತೆ ಮೂರರಲ್ಲಿ ಒಂದಕ್ಕೆ ಇಳಿದರೆ ಕಾಯುವುದರ ಬೆಲೆ 4,000. ಆಗ ಬಕೆಟ್ ಮತ್ತೆ ತೆರೆಯುತ್ತದೆ. ದರ ಕೆಲವೊಮ್ಮೆ ಇಳಿಯುವುದೂ ಇದಕ್ಕೇ. ಈಗ ಈ ಲೆಕ್ಕವನ್ನು ಕಂಪ್ಯೂಟರ್ ಎಡೆಬಿಡದೆ ಮಾಡುತ್ತಿರುತ್ತದೆ.

ಏರ್‌ಬಸ್ ಎ320 ವಿಮಾನದಲ್ಲಿ 180ರ ಆಸುಪಾಸು ಸೀಟುಗಳಿದ್ದರೆ, ಚಿಕ್ಕ ಊರುಗಳಿಗೆ ಹಾರುವ ಎಟಿಆರ್‌ನಲ್ಲಿ 78ರಷ್ಟು. ಅಂಥ ಮಾರ್ಗದಲ್ಲಿ ದಿನಕ್ಕೆ ಒಂದೋ ಎರಡೋ ವಿಮಾನ ಇದ್ದರೆ ಒಂದು ಮದುವೆ ದಿಬ್ಬಣ ಸಾಕು, ಕೆಳಗಿನ ಬಕೆಟ್‌ಗಳೆಲ್ಲ ಖಾಲಿ.

ಹೆಜ್ಜೆ 4: ಒಬ್ಬರಿಗೆ ಹುಡುಕಿ, ಆಮೇಲೆ ಎಲ್ಲರಿಗೂ ಹುಡುಕಿ

ನಾಲ್ಕು ಜನರ ಕುಟುಂಬ ದೆಹಲಿಗೆ ಹೊರಟಿದೆ ಎನ್ನಿ. ಅಗ್ಗದ ಬಕೆಟ್‌ನಲ್ಲಿ 4,000 ರೂಪಾಯಿಯ ಎರಡೇ ಸೀಟು ಉಳಿದಿವೆ. ಮುಂದಿನದು 4,900. ನಾಲ್ವರಿಗೆ ಒಟ್ಟಿಗೆ ಹುಡುಕಿದರೆ ಎಷ್ಟೋ ಕಡೆ ನಾಲ್ವರಿಗೂ 4,900 ತೋರಿಸುತ್ತದೆ, ಅಂದರೆ 19,600. ಯಾಕೆಂದರೆ ನಾಲ್ಕು ಸೀಟು ಒಟ್ಟಿಗೆ ಸಿಗುವುದು ಆ ಬಕೆಟ್‌ನಲ್ಲಿ ಮಾತ್ರ. ಇಬ್ಬಿಬ್ಬರಂತೆ ಎರಡು ಸಲ ಬುಕ್ ಮಾಡಿದರೆ 17,800. 1,800 ರೂಪಾಯಿ ಉಳಿಯಿತು, ಅಲ್ವಾ?

ಆದರೆ ಪಿಎನ್‌ಆರ್ ಎರಡಾಗುತ್ತದೆ. ವಿಮಾನ ರದ್ದಾದರೆ ಎರಡು ಜೋಡಿಯನ್ನೂ ಒಂದೇ ಬದಲಿ ವಿಮಾನಕ್ಕೆ ಹಾಕುತ್ತಾರೆ ಎಂಬ ಖಾತ್ರಿಯಿಲ್ಲ. ಮಕ್ಕಳಿದ್ದರೆ ಪ್ರತಿ ಪಿಎನ್‌ಆರ್‌ನಲ್ಲೂ ಒಬ್ಬರು ದೊಡ್ಡವರು ಇರಲೇಬೇಕು. ನೂರಿನ್ನೂರು ರೂಪಾಯಿಗಾಗಿ ಸುಮ್ನೆ ಈ ತಲೆನೋವು ಬೇಡ.

ಹೆಜ್ಜೆ 5: ದಿನ ನೋಡಿ

ದಸರಾ, ದೀಪಾವಳಿ, ಉದ್ದದ ವಾರಾಂತ್ಯಗಳಿಗೆ ಅಗ್ಗದ ಬಕೆಟ್‌ಗಳನ್ನು ಮೊದಲಿನಿಂದಲೇ ಬಿಗಿಯಾಗಿ ಇಟ್ಟಿರುತ್ತಾರೆ. ಹಬ್ಬದ ಟಿಕೆಟಿಗೆ ‘ಕೊನೇ ಗಳಿಗೆಯಲ್ಲಿ ಇಳಿಯುತ್ತೆ’ ಅಂತ ಕಾಯುವುದು ಬೇಡ. ವಾರದ ನಡುವಿನ ದಿನ, ನಸುಕಿನ ಅಥವಾ ತಡರಾತ್ರಿಯ ವಿಮಾನ ನೋಡಿ.

ವಿದೇಶಕ್ಕಾದರೆ ನೇರ ವಿಮಾನ ಮತ್ತು ದುಬೈ, ದೋಹಾ ಮೂಲಕ ಹೋಗುವ ಟಿಕೆಟ್ ಎರಡನ್ನೂ ಹೋಲಿಸಿ. ಅಲ್ಲಿ ದರ ಇಡುವುದು ದೂರಕ್ಕಲ್ಲ, ಹೊರಟ ಊರು ಮತ್ತು ತಲುಪುವ ಊರಿನ ಜೋಡಿಗೆ. ಸುತ್ತಿ ಹೋಗುವುದು ಅಗ್ಗವಾಗುವುದು ಅದಕ್ಕೇ. ಹಾಗಂತ ನಡುವಿನ ಊರಲ್ಲೇ ಇಳಿದುಬಿಡುವ ಉಪಾಯ ಮಾಡಬೇಡಿ. ಚೆಕ್-ಇನ್ ಬ್ಯಾಗು ಮುಂದಿನ ಊರಿಗೆ ಹೋಗುತ್ತದೆ, ಉಳಿದ ಪ್ರಯಾಣವೂ ರದ್ದಾಗುತ್ತದೆ.

ಹೆಜ್ಜೆ 6: ರದ್ದತಿ ನಿಯಮ ಓದಿ, ನಿಮ್ಮ ದುಡ್ಡು ಕೇಳಿ

ದರ ಕಡಿಮೆಯಾದಷ್ಟೂ ಷರತ್ತು ಜಾಸ್ತಿ. ಪ್ರಯಾಣ ಖಚಿತವಿಲ್ಲದಿದ್ದರೆ ಸ್ವಲ್ಪ ಹೆಚ್ಚು ಕೊಟ್ಟು ಬದಲಾಯಿಸಲು ಬರುವ ಟಿಕೆಟ್ ತೆಗೆಯುವುದೇ ಲೇಸು. ಡಿಜಿಸಿಎ ನಿಯಮದ ಪ್ರಕಾರ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತವನ್ನು ಮೀರುವಂತಿಲ್ಲ. ವಿಮಾನ ತಪ್ಪಿಹೋದರೂ, ‘ನಾನ್ ರಿಫಂಡಬಲ್’ ಅಂತ ಬರೆದಿದ್ದರೂ, ಬಳಕೆದಾರರ ಶುಲ್ಕ ಮತ್ತು ಭದ್ರತಾ ಶುಲ್ಕ ನಿಮಗೆ ವಾಪಸ್ ಬರಬೇಕು. ಅದನ್ನು ಕೊಡಲು ಕಂಪನಿ ಬೇರೆ ಶುಲ್ಕ ಹಾಕುವಂತಿಲ್ಲ. ಎಷ್ಟೋ ಜನ ಕೇಳದೇ ಬಿಡುತ್ತಾರೆ. ಪಿಎನ್‌ಆರ್ ಹಿಡಿದು ಕಂಪನಿಗೆ ಒಂದು ಇಮೇಲ್ ಹಾಕಿ. ಏಜೆಂಟ್ ಮೂಲಕ ತೆಗೆದಿದ್ದರೆ ಅವರ ಮೂಲಕವೇ ಕೇಳಿ. ಉತ್ತರ ಬರದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.