ಹಾಸನಾಂಬೆಯ ಸರತಿ ಸಾಲಿನ ಪಕ್ಕ ಒಂದು ಗಣಿತದ ಹಲಗೆ

ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಆಗ ದರ್ಶನಕ್ಕೆ ಬಂದವರು ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಮಕ್ಕಳು ಅಮ್ಮಂದಿರ ಸೆರಗು ಜಗ್ಗುತ್ತಾರೆ, ಹಿರಿಯರು ಕುಳಿತುಕೊಳ್ಳಲು ಜಾಗ ಹುಡುಕುತ್ತಾರೆ. ಆ ಸಾಲು ಹಾದುಹೋಗುವ ಬೀದಿಯಲ್ಲಿ ನನ್ನ ಗೆಳೆಯನ ಅಂಗಡಿಯಿದೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು ನನ್ನ ಹಲಗೆಗಳನ್ನು ಹರವಲು ಆರಿಸಿಕೊಂಡದ್ದು ಆ ಅಂಗಡಿಯ ಜಗಲಿಯನ್ನು.

ಅದಕ್ಕೂ ಮೊದಲು ಒಂದು ಪ್ರಯತ್ನ ಮಾಡಿ ಸೋತಿದ್ದೆ. ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. ಆ ದಿನಕ್ಕೆಂದು ಒಂದು ಸಭಾಂಗಣದ ತುಂಬ ಫ್ಲೆಕ್ಸ್ ತೂಗುಹಾಕಿದೆ. ಪೈ ಬೆಲೆ, ಅವಿಭಾಜ್ಯ ಸಂಖ್ಯೆಗಳು, ಗಣಿತಜ್ಞರ ಭಾವಚಿತ್ರಗಳು, ಎಲ್ಲವೂ ಇದ್ದವು. ಪರದೆಯ ಮೇಲೆ ಮ್ಯಾಂಡೆಲ್‌ಬ್ರಾಟ್ ಗಣದ ಬಣ್ಣಬಣ್ಣದ ಚಿತ್ರ ಒಳಗೊಳಗೇ ಬಿಚ್ಚಿಕೊಳ್ಳುತ್ತಿತ್ತು. ಬಂದವರೆಲ್ಲ ‘ಚೆನ್ನಾಗಿದೆ’ ಎಂದರು, ಮುಂದೆ ನಡೆದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂದು ರಾತ್ರಿ ಫ್ಲೆಕ್ಸ್ ಸುತ್ತಿಡುವಾಗ ನನಗೆ ಬಹಳ ನೋವಾಯಿತು. ಅಷ್ಟು ಚಿತ್ರಗಳಲ್ಲಿ ನೋಡುವವರ ಕೈಗೆ ಒಂದು ಕೆಲಸವನ್ನೂ ನಾನು ಕೊಟ್ಟಿರಲಿಲ್ಲ. ಜರ್ಮನಿಯ ಗೀಸೆನ್ ಊರಿನಲ್ಲಿ 2002ರಲ್ಲಿ ಆರಂಭವಾದ ಮ್ಯಾಥಮ್ಯಾಟಿಕುಮ್ ಎಂಬ ಗಣಿತ ವಸ್ತುಸಂಗ್ರಹಾಲಯದ ಬಗ್ಗೆ ಓದಿದ್ದು ಆಮೇಲೆ. ಅಲ್ಲಿ ಪ್ರತಿಯೊಂದನ್ನೂ ಮುಟ್ಟಿ ಮಾಡಿ ನೋಡಬೇಕು. ನಾನೂ ಹಾಗೆಯೇ ಮಾಡಬೇಕೆಂದು ನಿಶ್ಚಯಿಸಿದೆ, ಆದರೆ ನಮ್ಮ ಊರಿನ ಸಾಮಾನುಗಳಿಂದ.

ಮೊದಲ ಹಲಗೆ ರಂಗೋಲಿಯದು. ಪ್ಲೈವುಡ್ ಹಲಗೆಯಲ್ಲಿ ಸಮದೂರದ ತೂತುಗಳು, ಅವುಗಳಲ್ಲಿ ಕಿತ್ತು ನೆಡಬಹುದಾದ ಮರದ ಗೂಟಗಳು. ಒಂದೊಂದು ಗೂಟವೂ ಒಂದೊಂದು ಚುಕ್ಕಿ. ಬಣ್ಣದ ಹಗ್ಗವನ್ನು ಚುಕ್ಕಿಗಳ ನಡುವೆ ಓರೆಯಾಗಿ ನಡೆಸಬೇಕು, ಅಂಚಿಗೆ ಬಂದಾಗ ಹೊರಗಿನ ಚುಕ್ಕಿಯನ್ನು ಬಳಸಿ ಒಳಗೆ ತಿರುಗಬೇಕು. ಹೊರಟ ಜಾಗಕ್ಕೆ ಬಂದು ಸೇರಿದರೆ ಒಂದು ಎಳೆ ಮುಗಿಯಿತು. ಇನ್ನೂ ದಾರಿಗಳು ಖಾಲಿ ಉಳಿದಿದ್ದರೆ ಬೇರೆ ಬಣ್ಣದ ಹಗ್ಗ. ಹಲಗೆಯ ಪಕ್ಕ ನಾನು ಬರೆದಿಟ್ಟದ್ದು ಒಂದೇ ಸಾಲು: ‘ಎಷ್ಟು ಎಳೆ ಬೇಕು?’

ಎರಡಕ್ಕೆ ಮೂರು ಚುಕ್ಕಿಗೆ ಒಂದು ಎಳೆ ಸಾಕು. ಮೂರಕ್ಕೆ ನಾಲ್ಕಕ್ಕೂ ಒಂದೇ. ನಾಲ್ಕಕ್ಕೆ ಆರಕ್ಕೆ ಎರಡು. ಮೂರಕ್ಕೆ ಆರಕ್ಕೆ ಮೂರು. ಮಾಡಿ ನೋಡಿದವರೇ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಹೋಗಲಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಸ್ಲೇಟು ತುಂಬಿತು. ಏಳನೆಯ ತರಗತಿಯ ಹುಡುಗನೊಬ್ಬ ಅದನ್ನೇ ದಿಟ್ಟಿಸುತ್ತಾ ನಿಂತ. ಅವನ ಮನೆಯವರು ಸಾಲಿನಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿದ್ದರು. ಥಟ್ಟನೆ ತಿರುಗಿ, “ಸಾರ್, ಇದು ಮಸಾಅ ಅಲ್ಲವೇ?” ಎಂದ. ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡೂ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಆ ಪದವನ್ನು ನಾನು ಬೆಳಗಿನಿಂದ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಇರುವುದಕ್ಕೆ ನಾನು ಪಟ್ಟ ಕಷ್ಟ ಮೇಷ್ಟ್ರಾದವರಿಗೆ ಮಾತ್ರ ಗೊತ್ತು.

ಏಕೆ ಹೀಗೆ ಎಂದು ಕೇಳಿದವರಿಗೆ ಇರುವೆಯ ಲೆಕ್ಕ ಹೇಳುತ್ತೇನೆ. ಎಳೆಯ ಮೇಲೆ ಒಂದು ಇರುವೆ ನಡೆಯುತ್ತಿದೆ ಎನ್ನಿ. ಪ್ರತಿ ಹೆಜ್ಜೆಗೂ ಅದು ಅರ್ಧ ಚುಕ್ಕಿಯಷ್ಟು ಅಡ್ಡಕ್ಕೂ ಅರ್ಧ ಚುಕ್ಕಿಯಷ್ಟು ಉದ್ದಕ್ಕೂ ಸರಿಯುತ್ತದೆ. ನಾಲ್ಕಕ್ಕೆ ಆರರ ಹಲಗೆಯಲ್ಲಿ ಆರು ಚುಕ್ಕಿಯ ಕಡೆ ಹೋಗಿ ಬರಲು 24 ಹೆಜ್ಜೆ, ನಾಲ್ಕು ಚುಕ್ಕಿಯ ಕಡೆ ಹೋಗಿ ಬರಲು 16 ಹೆಜ್ಜೆ. ಎರಡೂ ಒಟ್ಟಿಗೆ ಮುಗಿದು ಇರುವೆ ಹೊರಟಲ್ಲಿಗೇ ಬರುವುದು 48ನೆಯ ಹೆಜ್ಜೆಗೆ. ಅರಸೀಕೆರೆಗೂ ಬೇಲೂರಿಗೂ ಹೋಗಿಬರುವ ಎರಡು ಬಸ್ಸುಗಳು ಮತ್ತೆ ಒಟ್ಟಿಗೆ ನಿಲ್ದಾಣದಲ್ಲಿ ನಿಲ್ಲುವ ಹಾಗೆ, ಇದು ಲಸಾಅ, ಲಘುತ್ತಮ ಸಾಮಾನ್ಯ ಅಪವರ್ತ್ಯ. ಅರ್ಧ ಚುಕ್ಕಿಯ ಲೆಕ್ಕದಲ್ಲಿ ಆರು ಚುಕ್ಕಿಗೆ 12, ನಾಲ್ಕು ಚುಕ್ಕಿಗೆ 8; ಹಲಗೆಯಲ್ಲಿರುವ ಒಟ್ಟು ಹೆಜ್ಜೆಗಳು 12 ಗುಣಿಸು 8, ಅಂದರೆ 96. ಒಂದು ಎಳೆ 48 ಹೆಜ್ಜೆಯನ್ನು ತಿಂದರೆ ಎರಡು ಎಳೆ ಬೇಕೇ ಬೇಕು. ಶಾಲೆಯಲ್ಲಿ ಬೇರೆ ಬೇರೆ ಕಲಿತ ಲಸಾಅ ಮತ್ತು ಮಸಾಅ ಇಲ್ಲಿ ಒಂದೇ ಹಗ್ಗದಲ್ಲಿ ಸಿಕ್ಕಿಕೊಂಡಿವೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೆಯ ಹಲಗೆಗೆ ಕಾಫಿ ಬೀಜ. ಸಾಲುಸಾಲಾಗಿ ಮೊಳೆ ಹೊಡೆದ ಹಲಗೆಯ ಮೇಲಿನಿಂದ ಕಾಳು ಬಿಟ್ಟರೆ ಅದು ಪ್ರತಿ ಮೊಳೆಗೂ ತಾಗಿ ಎಡಕ್ಕೋ ಬಲಕ್ಕೋ ಉರುಳಿ ಕೆಳಗಿನ ಖಾನೆಗೆ ಬೀಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮಾಡಿಸಿದ ಸಾಧನವಿದು. ಮೊದಲು ಮಾಮೂಲಿ ಬೀಜ ಹಾಕಿದೆ. ಒಂದು ಕಡೆ ಚಪ್ಪಟೆ, ಹಾಗಾಗಿ ಮೊಳೆಗಳ ನಡುವೆ ಸಿಕ್ಕಿಕೊಂಡಿತು. ಸಕಲೇಶಪುರದ ಬೆಳೆಗಾರರೊಬ್ಬರು ನೋಡಿ, “ಇದಕ್ಕೆ ಪೀಬೆರಿ ಹಾಕಿ” ಎಂದರು. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದಾಗ ಅದು ಗುಂಡಗಾಗುತ್ತದೆ. ಮರುದಿನ ಒಂದು ಕಿಲೋ ಕಳಿಸಿಯೂ ಕೊಟ್ಟರು. ಹಲಗೆ ಸ್ವಲ್ಪ ವಾಲಿದರೂ ಕಾಳೆಲ್ಲ ಒಂದೇ ಕಡೆ ರಾಶಿಯಾಗುತ್ತದೆ, ಆದ್ದರಿಂದ ಗಾರೆಯವರ ರಸಮಟ್ಟವನ್ನು ಜೊತೆಗೇ ಇಟ್ಟುಕೊಂಡಿದ್ದೇನೆ.

ನಾಲ್ಕು ಸಾಲು ಮೊಳೆ, ಐದು ಖಾನೆ. ಎಡವನ್ನು ಲಘು, ಬಲವನ್ನು ಗುರು ಎನ್ನಿ. ಛಂದಸ್ಸು ಓದಿದ ಯಾವ ಕನ್ನಡದ ವಿದ್ಯಾರ್ಥಿಗೂ ಆ ಗುರುತುಗಳು ಗೊತ್ತು. ನಾಲ್ಕು ಅಕ್ಷರಗಳಲ್ಲಿ ಲಘು ಗುರುಗಳನ್ನು 16 ಬಗೆಯಲ್ಲಿ ಹೊಂದಿಸಬಹುದು. ಅದರಲ್ಲಿ ಎರಡು ಲಘು, ಎರಡು ಗುರು ಇರುವುವು ಆರು. ಎಲ್ಲವೂ ಲಘುವಾಗಿರುವುದು ಒಂದೇ. ಒಂದು, ನಾಲ್ಕು, ಆರು, ನಾಲ್ಕು, ಒಂದು. ಮಧ್ಯದ ಖಾನೆ ಎತ್ತರಕ್ಕೆ ತುಂಬುವುದು ಅದಕ್ಕೇ. ಪಿಂಗಲನ ಛಂದಶ್ಶಾಸ್ತ್ರಕ್ಕೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದೇ ಸಂಖ್ಯೆಗಳನ್ನು ಮೇರು ಪ್ರಸ್ತಾರವೆಂದು ವಿವರಿಸಿದ್ದಾನೆ. ಗಮಕ ಕಲಿಯುತ್ತಿದ್ದ ಒಬ್ಬ ತಾಯಿ ಈ ಹಲಗೆಯ ಮುಂದೆ ಅರ್ಧ ಗಂಟೆ ಕುಳಿತಿದ್ದರು. ಗಣಿತಕ್ಕೂ ತಮಗೂ ಸಂಬಂಧವಿಲ್ಲ ಎಂದುಕೊಂಡೇ ಬಂದವರು ಅವರು.

ಮೂರನೆಯದು ರಟ್ಟಿನ ಚೌಕಗಳು, ನಡುವೆ ಒಂದು ಮೊಳೆ. ಎರಡು ಚೌಕ ತಿರುಗಿಸಿದರೆ ಎಂಟು ಮೂಲೆಯ ನಕ್ಷತ್ರ; ಸಕಲೇಶಪುರದವರು ‘ಮಂಜರಾಬಾದ್ ಕೋಟೆ’ ಎಂದು ಕೂಗುತ್ತಾರೆ. ನಾಲ್ಕನ್ನು ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸಿದರೆ ಹದಿನಾರು ಮೂಲೆ, ಹೊಯ್ಸಳರ ಗುಡಿಗಳ ತಳವಿನ್ಯಾಸ ಕಣ್ಣಿಗೆ ಬರುತ್ತದೆ. ಇದು ಮಕ್ಕಳಿಗೆ ಪ್ರಿಯ, ಆದರೆ ಬೇಗ ಮುಗಿದುಹೋಗುತ್ತದೆ. ಇನ್ನೂ ತಿದ್ದಬೇಕಿದೆ.

ರಂಗೋಲಿ ಹಲಗೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಸಿಕ್ಕಿದ್ದು ಮೂರನೆಯ ದಿನ ಸಂಜೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ದಣಿವಾರಿಸಿಕೊಳ್ಳಲು ಜಗಲಿಯ ಮೇಲೆ ಕುಳಿತರು. ಮೂರಕ್ಕೆ ಮೂರು ಚುಕ್ಕಿಗಳಲ್ಲಿ ಕೆಂಪು, ಹಸಿರು, ಹಳದಿ ಹಗ್ಗಗಳಿದ್ದವು. “ಇದಕ್ಕೆ ಮೂರು ಯಾಕಪ್ಪ? ಒಂದರಲ್ಲೇ ಆಗುತ್ತದೆ” ಎಂದರು. ಆಗುವುದಿಲ್ಲ ಅಜ್ಜಿ, ಮೂರು ಮತ್ತು ಮೂರರ ಮಸಾಅ ಮೂರು, ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಚುಕ್ಕಿ ಇಟ್ಟು ಮೂರು ಎಳೆಗಳನ್ನೂ ಬರೆದರು. ಎರಡು ಎಳೆ ಒಂದನ್ನೊಂದು ದಾಟುವ ಒಂದು ಜಾಗವನ್ನು ಹೆಬ್ಬೆರಳಿನಿಂದ ಅಳಿಸಿದರು. “ಇಲ್ಲಿ ದಾಟಿಸಬೇಡ, ತಿರುಗಿಸು” ಎಂದು ಎರಡು ಪುಟ್ಟ ಬಾಗುಗಳನ್ನು ಬರೆದರು. ಎರಡು ಎಳೆ ಕೂಡಿ ಒಂದಾಯಿತು. ಇನ್ನೊಂದು ಕಡೆಯೂ ಹಾಗೆಯೇ ಮಾಡಿದರು. ನಾನು ಬೆರಳಿಟ್ಟು ಸುತ್ತಿ ನೋಡಿದೆ. ಎಲ್ಲೂ ಎತ್ತದೆ ಹೊರಟಲ್ಲಿಗೇ ಬಂದೆ.

ಮನೆಗೆ ಹೋಗಿ ಬರೆದು ನೋಡಿದರೆ ಅವರ ಮಾತು ಯಾವಾಗಲೂ ನಿಜ. ಎರಡು ಬೇರೆ ಬೇರೆ ಎಳೆಗಳು ದಾಟುವಲ್ಲಿ ತಿರುವು ಕೊಟ್ಟರೆ ಅವು ಒಂದಾಗಲೇಬೇಕು. ಮೂರು ಎಳೆಗೆ ಎರಡು ತಿರುವು, ನಾಲ್ಕು ಎಳೆಗೆ ಮೂರು. ಮುಂದಿನ ವರ್ಷದ ಹಲಗೆಗೆ ತಿರುವು ಕೊಡಲು ಸಣ್ಣ ಪಟ್ಟಿಗಳನ್ನು ಸೇರಿಸಿದೆ, ನೆಲಕ್ಕೆ ಒಂದು ಡಬ್ಬಿ ಸೀಮೆಸುಣ್ಣ, ಒಂದು ಒದ್ದೆ ಬಟ್ಟೆ. ಅಜ್ಜಿಯ ಹೆಸರು ಕೇಳಿಕೊಳ್ಳುವಷ್ಟರಲ್ಲಿ ಸಾಲು ಮುಂದೆ ಸರಿದಿತ್ತು.