ಬ್ಲೂಬೆರಿ ಕಡ್ಡಿ ನೆಡುವಾಗ ಕಾಫಿ ನರ್ಸರಿ ಮರೆತುಬಿಡಿ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರಿಗೆ ಕಡ್ಡಿಯಿಂದ ಗಿಡ ಮಾಡುವುದು ಹೊಸ ವಿದ್ಯೆಯೇನಲ್ಲ. ಕಾಳುಮೆಣಸಿನ ಹಂಬು ಕತ್ತರಿಸಿ ಬ್ಯಾಗಿಗೆ ಹಾಕುತ್ತೇವೆ. ಪಕ್ಕದ ಮನೆಯ ದಾಸವಾಳದ ಕಡ್ಡಿ ಕೇಳಿ ತಂದು ನೆಡುತ್ತೇವೆ. ಆದರೂ ಬ್ಲೂಬೆರಿ ಕಡ್ಡಿ ನೆಟ್ಟವರು ‘ಒಂದೂ ಹತ್ತಲಿಲ್ಲ’ ಅನ್ನುವುದುಂಟು. ಕೈಗುಣವನ್ನು ದೂರಬೇಕಾಗಿಲ್ಲ. ಕಾಫಿ ಸಸಿಗೆ ಕಲಸುವ ಕಾಡುಮಣ್ಣು, ಸಗಣಿ ಗೊಬ್ಬರ, ಮರಳನ್ನೇ ಇದಕ್ಕೂ ತುಂಬಿಬಿಡುತ್ತೇವೆ. ಅಲ್ಲೇ ಕೆಲಸ ಕೆಡುತ್ತದೆ.

ಬ್ಲೂಬೆರಿಗೆ ಹುಳಿಮಣ್ಣು ಬೇಕು. ಹುಳಿ ಅಳೆಯುವ ಅಂಕಿ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 4.5ರಿಂದ 5.5ರ ಒಳಗಿದ್ದರೆ ಗಿಡ ಆರಾಮಾಗಿರುತ್ತದೆ. ಕಾಫಿಗೆ 6ರಿಂದ 6.5 ಇದ್ದರೆ ಒಳ್ಳೆಯದು, ಅದಕ್ಕೇ ತೋಟಕ್ಕೆ ಸುಣ್ಣ ಹಾಕಿಸುವುದು. ಸುಣ್ಣ ಬಿದ್ದ ತೋಟದ ಮಣ್ಣು ಬ್ಲೂಬೆರಿಗೆ ಬೇಡವೇ ಬೇಡ. ಬಚ್ಚಲೊಲೆಯ ಬೂದಿಯೂ ಬೇಡ, ಅದೂ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಅಡಿಕೆ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ಸುಣ್ಣವಿದೆ, ಅದು ಈ ಕುಂಡಗಳಿಗೆ ಬೀಳದಂತೆ ನೋಡಿಕೊಳ್ಳಿ.

ಈ ಹುಳಿಮಣ್ಣಿನ ಗುಟ್ಟನ್ನು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲಿ ಬರೆದು ಪ್ರಕಟಿಸಿದರು. ಅದನ್ನು ಓದಿದ ನ್ಯೂಜೆರ್ಸಿಯ ಕೃಷಿಕ ಮಹಿಳೆ ಎಲಿಜಬೆತ್ ವೈಟ್, ಕೋವಿಲ್ ಜೊತೆ ಸೇರಿದರು. ಕಾಡಿನಲ್ಲಿ ಹಣ್ಣು ಆರಿಸುವವರಿಗೆ ದುಡ್ಡು ಕೊಟ್ಟು, ದಪ್ಪ ಹಣ್ಣಿನ ಪೊದೆಗಳನ್ನು ಗುರುತು ಮಾಡಿಸಿದರು. ಹಾಗೆ ಸಿಕ್ಕ ಒಂದು ಕಾಡುಪೊದೆಯೇ ‘ರುಬೆಲ್’ ತಳಿ. ಇವತ್ತಿಗೂ ಬೆಳೆಯುವ ರುಬೆಲ್ ಗಿಡಗಳೆಲ್ಲ ಆ ಒಂದೇ ಪೊದೆಯಿಂದ ಬಂದವು.

ತಾಯಿಗಿಡ ಯಾವುದು?

ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಹಣ್ಣಿನ ಬೀಜ ಹಾಕಿದರೂ ಮೊಳಕೆ ಬರಬಹುದು. ಆದರೆ ಆ ಗಿಡ ತಾಯಿಯಂತೆ ಇರುವುದಿಲ್ಲ, ಹಣ್ಣಿಗೆ ವರ್ಷಗಟ್ಟಲೆ ಕಾಯಬೇಕು. ಕಡ್ಡಿಯೇ ಸರಿ.

ತಳಿ ಮಾತ್ರ ನೋಡಿ ಆರಿಸಿ. ಚಳಿದೇಶದ ಬ್ಲೂಬೆರಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ನಮ್ಮಲ್ಲಿ ಅಷ್ಟು ಚಳಿ ಎಲ್ಲಿಂದ ತರುವುದು? ಕಡಿಮೆ ಚಳಿ ಸಾಕಾಗುವ ‘ಸದರ್ನ್ ಹೈಬುಷ್’ ಗುಂಪಿನ ಬಿಲಾಕ್ಸಿ, ಮಿಸ್ಟಿ, ಶಾರ್ಪ್‌ಬ್ಲೂ ತರಹದವು ನಮಗೆ ಹೊಂದುತ್ತವೆ. ನಂಬಿಕೆಯ ನರ್ಸರಿಯಿಂದ ಹೆಸರು ಬರೆದ ಚೀಟಿಯಿರುವ ಗಿಡವನ್ನೇ ತನ್ನಿ. ಹೊಸ ತಳಿಗಳು ಎಷ್ಟೋ ಪೇಟೆಂಟ್ ಆಗಿವೆ, ಅವುಗಳಿಂದ ಸಸಿ ಮಾಡುವ ಮೊದಲು ವಿಚಾರಿಸಿ.

ಯಾವಾಗ, ಎಂಥ ಕಡ್ಡಿ?

ಏಪ್ರಿಲ್ ಕೊನೆಯಿಂದ ಮೇ ನನ್ನ ಮೊದಲ ಆಯ್ಕೆ. ಹೂಮಳೆ ಮುಗಿದು ಗಾಳಿಯಲ್ಲಿ ಪಸೆ ಇರುತ್ತದೆ, ಹೊಸ ಚಿಗುರೂ ಇರುತ್ತದೆ. ಅದು ತಪ್ಪಿದರೆ ಮಳೆ ಇಳಿಯುವ ಸೆಪ್ಟೆಂಬರ್. ಜುಲೈನ ಜಡಿಮಳೆಯಲ್ಲಿ ಹೊಸದಾಗಿ ಶುರುಮಾಡಬೇಡಿ. ಬೆಳಕು ಕಡಿಮೆ, ಬೂಸ್ಟು ಜಾಸ್ತಿ.

ಈ ವರ್ಷ ಬಂದ ಚಿಗುರು ಬೇಕು, ಆದರೆ ತೀರಾ ಎಳೆಯದಲ್ಲ. ಬಗ್ಗಿಸಿದರೆ ಬಳುಕಬೇಕು, ಬುಡದಲ್ಲಿ ಸ್ವಲ್ಪ ಗಟ್ಟಿಯಾಗಿರಬೇಕು. ತುದಿ ಬಾಡಿ ಜೋತುಬಿದ್ದರೆ ಇನ್ನೂ ಎಳಸು ಅಂತ ಅರ್ಥ. ಮೊಗ್ಗುಗಳನ್ನೂ ಗಮನಿಸಿ. ದುಂಡಗೆ ಉಬ್ಬಿದ್ದು ಹೂಮೊಗ್ಗು, ಸಣಕಲಾಗಿ ಚೂಪಾಗಿರುವುದು ಎಲೆಮೊಗ್ಗು. ಎಲೆಮೊಗ್ಗಿನ ಕಡ್ಡಿಯನ್ನೇ ತೆಗೆಯಿರಿ. ಹೂಮೊಗ್ಗು ಕಂಡರೆ ಚಿವುಟಿಬಿಡಿ.

ಬೆಳಗ್ಗೆ ಬಿಸಿಲೇರುವ ಮೊದಲು, ಸ್ಪಿರಿಟ್‌ನಲ್ಲಿ ಒರೆಸಿದ ಹರಿತ ಕತ್ತರಿಯಿಂದ 10ರಿಂದ 15 ಸೆಂಟಿಮೀಟರ್ ಉದ್ದ ಕತ್ತರಿಸಿ. ಕೆಳಗಿನ ಕೊಯ್ತ ಒಂದು ಗಿಣ್ಣಿನ ಸ್ವಲ್ಪ ಕೆಳಗೆ ಇರಲಿ. ಮೇಲಿನ ಎರಡು ಮೂರು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಆ ಎಲೆಗಳು ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿದರೂ ಆಯಿತು. ಕೂಡಲೇ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದೇ ಗಿಡ ಬೇಕಿದ್ದರೂ ಹತ್ತಾರು ಕಡ್ಡಿ ನೆಡಿ, ಎಲ್ಲವೂ ಹತ್ತುವುದಿಲ್ಲ.

ಮಿಶ್ರಣ

ಇಲ್ಲಿ ಜಿಪುಣತನ ಬೇಡ. ಪೀಟ್ ಮಾಸ್ (ಜೌಗುನೆಲದಲ್ಲಿ ಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮಸಮ ಬೆರೆಸಿದರೆ ಎಲ್ಲಕ್ಕಿಂತ ಒಳ್ಳೆಯದು. ಪೀಟ್ ಮಾಸ್ ತನ್ನಷ್ಟಕ್ಕೇ ಹುಳಿ, ಆದರೆ ಬೆಲೆ ಜಾಸ್ತಿ. ಅದರ ಬದಲು ತೆಂಗಿನ ಸಿಪ್ಪೆಯ ಪುಡಿ, ಅಂದರೆ ಕೋಕೋಪೀಟ್ ಬಳಸಬಹುದು. ಅದರಲ್ಲಿ ಉಪ್ಪಿನಂಶ ಇರುವುದರಿಂದ ನೆನೆಸಿ, ಹಿಂಡಿ, ನೀರು ಚೆಲ್ಲಿ, ಎರಡು ಮೂರು ಸಲ ತೊಳೆಯಬೇಕು. ಪರ್ಲೈಟ್ ಸಿಗದಿದ್ದರೆ ತೊಳೆದ ದಪ್ಪ ಹೊಳೆಮರಳು ನಡೆಯುತ್ತದೆ. ಗೊಬ್ಬರ, ಎರೆಗೊಬ್ಬರ ಒಂದು ಚಿಟಿಕೆಯೂ ಬೇಡ.

ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅಂತ ಹೇಳುವವರು ಬಹಳ. ಹುಳಿಯ ಹೆಚ್ಚಿನ ಪಾಲು ಡಿಕಾಕ್ಷನ್ ಜೊತೆ ನಿಮ್ಮ ಲೋಟಕ್ಕೇ ಹೋಗಿರುತ್ತದೆ ಅಲ್ವಾ? ಉಳಿದ ಚರಟ ಮಿಶ್ರಣವನ್ನು ಗಟ್ಟಿಮಾಡಿ ಬೂಸ್ಟು ತರುತ್ತದೆ.

ನೆಡುವುದು

ತಳದಲ್ಲಿ ತೂತಿರುವ, ಸುಮಾರು 10 ಸೆಂಟಿಮೀಟರ್ ಆಳದ ಲೋಟ ಅಥವಾ ನರ್ಸರಿ ಬ್ಯಾಗು ಸಾಕು. ಮಿಶ್ರಣವನ್ನು ಒದ್ದೆ ಮಾಡಿ ತುಂಬಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಸುರಿಯಬಾರದು. ಕಡ್ಡಿಯ ಬುಡವನ್ನು ಬೇರು ಬರಿಸುವ ಐಬಿಎ ಹಾರ್ಮೋನ್ ಪುಡಿಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಕೊಡವಿ. ಪುಡಿ ಇಲ್ಲದೆಯೂ ಬೇರು ಬರುವುದುಂಟು, ಆದರೆ ಇದ್ದರೆ ಹತ್ತುವ ಕಡ್ಡಿ ಹೆಚ್ಚು. ಪೆನ್ಸಿಲ್‌ನಿಂದ ಮೊದಲೇ ತೂತು ಮಾಡಿ, ಎರಡು ಗಿಣ್ಣು ಒಳಗೆ ಹೋಗುವಂತೆ ಇಟ್ಟು ಬೆರಳಿನಿಂದ ಮೆಲ್ಲಗೆ ಅದುಮಿ.

ಮೇಲೆ ಬುಡ ಕತ್ತರಿಸಿದ ನೀರಿನ ಬಾಟಲಿ ಕವುಚಿ. ಕಡ್ಡಿ ಜಾಸ್ತಿ ಇದ್ದರೆ ಬಿದಿರಿನ ದಬ್ಬೆ ಬಗ್ಗಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ. ಜಾಗ ಬೆಳಕಿರುವ ನೆರಳಾಗಿರಲಿ. ಸೂರಿನಡಿಯ ಜಗಲಿ, 50 ಶೇಕಡಾ ಶೇಡ್ ನೆಟ್ ಎರಡೂ ಆಗಬಹುದು. ನೇರ ಬಿಸಿಲು ಬಿದ್ದರೆ ಬಾಟಲಿಯೊಳಗೆ ಕಡ್ಡಿ ಬೆಂದೇ ಹೋಗುತ್ತದೆ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಕಪ್ಪಾದ ಎಲೆ ಕಂಡರೆ ಆಗಲೇ ಎತ್ತಿ ಎಸೆಯಿರಿ.

ಚಿಗುರು ನಂಬಬೇಡಿ

ಕೆಲವು ದಿನಕ್ಕೇ ಪುಟ್ಟ ಎಲೆ ಮೂಡಬಹುದು. ಅದು ಕಡ್ಡಿಯಲ್ಲಿ ಉಳಿದಿದ್ದ ಶಕ್ತಿಯಿಂದ ಬಂದ ಚಿಗುರು, ಕೆಳಗೆ ಬೇರೇ ಇಲ್ಲದಿರಬಹುದು. ಹತ್ತಿತು ಅಂತ ಎಳೆದು ನೋಡಿದರೆ ಬರುತ್ತಿದ್ದ ಬೇರೂ ಹೋಯಿತು. ಆರರಿಂದ ಎಂಟು ವಾರ ಸುಮ್ನೆ ಬಿಡಿ. ಆಮೇಲೆ ಮೆಲ್ಲಗೆ ಜಗ್ಗಿ ನೋಡಿ. ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ. ಬಾಟಲಿಯನ್ನು ಒಂದೇ ಸಲ ತೆಗೆಯಬೇಡಿ. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ವಾರದಲ್ಲಿ ಪೂರ್ತಿ ತೆಗೆಯಿರಿ.

ಬ್ಲೂಬೆರಿ ಬೇರು ಕೂದಲಿನಷ್ಟು ಸಣ್ಣ. ಬೇರೆ ಗಿಡಗಳ ಬೇರಿನ ಮೇಲಿರುವ ಸೂಕ್ಷ್ಮ ರೋಮಗಳೂ ಇದಕ್ಕಿಲ್ಲ. ಹಾಗಾಗಿ ಒಣಗಿದರೂ ಸಾಯುತ್ತದೆ, ನೀರು ನಿಂತರೂ ಕೊಳೆಯುತ್ತದೆ.

ನೀರಿನ ವಿಷಯ

ಮಳೆನೀರು ಸ್ವಲ್ಪ ಹುಳಿ, ಪಿಎಚ್ ಸುಮಾರು 5.6. ಇದಕ್ಕಿಂತ ಒಳ್ಳೆಯ ನೀರಿಲ್ಲ. ಮಲೆನಾಡಿನವರು ಸೂರಿನ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟರೆ ಸಾಕು. ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಮಿಶ್ರಣದ ಹುಳಿ ದಿನದಿನಕ್ಕೂ ಇಳಿಯುತ್ತದೆ. ಆಗ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅನ್ನುವ ಗುರುತು ಅದು. ಬೋರ್ ನೀರೇ ಗತಿಯಾದರೆ ಸಿಟ್ರಿಕ್ ಆ್ಯಸಿಡ್ ಚಿಟಿಕೆ ಚಿಟಿಕೆಯಾಗಿ ಕರಗಿಸಿ, ಪಿಎಚ್ ಪಟ್ಟಿಯಲ್ಲಿ ನೋಡುತ್ತಾ 5ರ ಹತ್ತಿರ ತನ್ನಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ದೊಡ್ಡ ಕುಂಡಕ್ಕೆ

ಬೇರು ಬ್ಯಾಗು ತುಂಬಿದ ಮೇಲೆ ಪೀಟ್ ಮಾಸ್, ಕೋಕೋಪೀಟ್, ಪರ್ಲೈಟ್ ಮಿಶ್ರಣದ ಕುಂಡಕ್ಕೆ ಬದಲಿಸಿ. ಗಂಧಕದ ಪುಡಿ ಸೇರಿಸುವುದಾದರೆ ಒಂದೆರಡು ತಿಂಗಳು ಮೊದಲೇ ಬೆರೆಸಿಡಿ, ಅದು ನಿಧಾನಕ್ಕೆ ಕೆಲಸ ಮಾಡುತ್ತದೆ. ಗೊಬ್ಬರ ಅಂದರೆ ಅಮೋನಿಯಂ ಸಲ್ಫೇಟ್, ಅದೂ ಲೀಟರ್ ನೀರಿಗೆ ಅರ್ಧ ಗ್ರಾಂನಷ್ಟು, ತಿಂಗಳಿಗೊಮ್ಮೆ. ಕ್ಲೋರೈಡ್ ಇರುವ ಎಂಒಪಿ ಪೊಟ್ಯಾಷ್ ಇದಕ್ಕೆ ಆಗಿಬರುವುದಿಲ್ಲ.

ಮೊದಲ ಎರಡು ವರ್ಷ ಹೂ ಬಂದರೆ ಚಿವುಟಿ. ಮನಸ್ಸು ಬರುವುದಿಲ್ಲ, ನಿಜ, ಆದರೆ ಗಿಡ ಮೊದಲು ರೆಂಬೆ ಕಟ್ಟಬೇಕು. ಅಷ್ಟರಲ್ಲಿ ಇನ್ನೊಂದು ತಳಿಯ ಗಿಡವನ್ನೂ ಪಕ್ಕದಲ್ಲಿ ಬೆಳೆಸಿಕೊಂಡರೆ ಪರಾಗ ಬೆರೆತು ಹಣ್ಣು ದಪ್ಪಗಾಗುತ್ತದೆ. ಮೂರನೆಯ ವರ್ಷ ಕಾಯಿ ಬಣ್ಣ ತಿರುಗುವ ಮೊದಲೇ ಬಲೆ ಕಟ್ಟಿ, ಪಿಕಳಾರಗಳು ನಿಮಗಿಂತ ಮೊದಲು ಬರುತ್ತವೆ.