ಚಕ್ರದ ನಟ್ಟಿಗೆ ಬ್ಯಾಟರಿ ಗನ್: ಕೊಳ್ಳುವ ಮೊದಲು ನೋಡಬೇಕಾದ್ದು

ಕಳೆದ ಜುಲೈನಲ್ಲಿ ಸಂಪಾಜೆ ಘಾಟಿಯ ತಿರುವೊಂದರಲ್ಲಿ ನನ್ನ ಕಾರಿನ ಹಿಂದಿನ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಸ್ಪ್ಯಾನರೂ ಇತ್ತು. ಮೂರು ನಟ್ಟು ಬಿಚ್ಚಿದವು. ನಾಲ್ಕನೆಯದು ಸ್ಪ್ಯಾನರ್ ಮೇಲೆ ಹತ್ತಿ ನಿಂತರೂ ಕದಲಲಿಲ್ಲ. ಹಿಂದಿನ ತಿಂಗಳು ಟೈರು ಹಾಕಿದ್ದ ಅಂಗಡಿಯವರು ಏರ್ ಗನ್ ಹಿಡಿದು ಅಷ್ಟು ಬಿಗಿದುಬಿಟ್ಟಿದ್ದರು. ಮುಕ್ಕಾಲು ಗಂಟೆ ಮಳೆಯಲ್ಲಿ ನೆನೆದ ಮೇಲೆ ಪಿಕಪ್ಪಿನವರೊಬ್ಬರು ನಿಲ್ಲಿಸಿ, ‘ಸ್ವಲ್ಪ ಸರೀರಿ ಅಣ್ಣ’ ಎಂದು ತಮ್ಮ ಬ್ಯಾಟರಿ ಗನ್ ಹಿಡಿದರು. ಟರ್‌ರ್ ಎಂದು ಎರಡು ಸೆಕೆಂಡ್ ಸದ್ದಾಯಿತು, ನಟ್ಟು ಸಡಿಲವಾಯಿತು.

ಅಂಗಡಿಯಲ್ಲಿ ಇದನ್ನು ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್ ಎಂದು ಕೇಳಿ. ಇಂಪ್ಯಾಕ್ಟ್ ಡ್ರೈವರ್ ಬೇರೆ, ಅದು ಸ್ಕ್ರೂ ಹಾಕಲಿಕ್ಕೆ. ರೆಂಚಿನ ಮೂತಿಯಲ್ಲಿ ಚೌಕ ಕಡ್ಡಿ ಇರುತ್ತದೆ. ಚಕ್ರದ ಕೆಲಸಕ್ಕೆ ಅದು ಅರ್ಧ ಇಂಚಿನದ್ದೇ ಆಗಬೇಕು. ಒಳಗೊಂದು ಸುತ್ತಿಗೆ ಇದೆ. ನಟ್ಟು ತಡೆದಾಗ ಅದು ಹಿಂದೆ ಸರಿದು, ಮತ್ತೆ ಮುನ್ನುಗ್ಗಿ ತಿರುಗುವ ದಿಕ್ಕಿಗೇ ಬಡಿಯುತ್ತದೆ. ಹೊಡೆತವೆಲ್ಲ ನಟ್ಟಿಗೆ ಹೋಗುವುದರಿಂದ ಹಿಡಿದವರ ಮಣಿಕಟ್ಟು ತಿರುಚುವುದಿಲ್ಲ.

ಎಷ್ಟು ಶಕ್ತಿಯದ್ದು ಬೇಕು ಎನ್ನುವುದೇ ಮುಖ್ಯ ಪ್ರಶ್ನೆ. ಸಾಮಾನ್ಯ ಕಾರುಗಳ ನಟ್ಟು ಬಿಗಿಯುವ ಲೆಕ್ಕ ಸುಮಾರು 85ರಿಂದ 140 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ನಿಮ್ಮ ಗಾಡಿಯದ್ದು ಅದರ ಕೈಪಿಡಿಯಲ್ಲಿರುತ್ತದೆ. ಹಾಗಾದರೆ 150 ಸಾಕಲ್ಲ ಎನಿಸಬಹುದು. ಸಾಲದು. 60 ಕಿಲೋ ತೂಕದವರು 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ನಿಂತರೆ ಬೀಳುವ ಬಲ ಸುಮಾರು 175. ಅದಕ್ಕೂ ನನ್ನ ನಟ್ಟು ಜಗ್ಗಿರಲಿಲ್ಲ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವುದೇ ಅಪರೂಪ. ತೋಟದ ಕೆಸರು, ತುಕ್ಕು, ಮೇಲೆ ಏರ್ ಗನ್ನಿನ ಬಿಗಿತ. ಡಬ್ಬದ ಮೇಲೆ ಎರಡು ಅಂಕಿ ಇದ್ದರೆ ದೊಡ್ಡದು ಬಿಚ್ಚುವ ಬಲ, ಚಿಕ್ಕದು ಬಿಗಿಯುವ ಬಲ. ಉದಾಹರಣೆಗೆ ಮಕೀಟಾದ ಡಿಟಿಡಬ್ಲ್ಯೂ 300ರಲ್ಲಿ ಬಿಗಿಯಲು 330, ಬಿಚ್ಚಲು 580. ಕೊಡಗಿನ ಗಾಡಿಗಳಿಗೆ ಬಿಚ್ಚುವ ಬಲ 400ಕ್ಕಿಂತ ಕಡಿಮೆ ಇರುವುದನ್ನು ಕೊಳ್ಳಬೇಡಿ. ಸಾವಿರದ್ದೂ ಬೇಡ, ತೂಕ ಹೆಚ್ಚು, ಸ್ಟಡ್ (ನಟ್ಟು ಕೂರುವ ಬೋಲ್ಟು) ಮುರಿಯುವ ಅಪಾಯವೂ ಹೆಚ್ಚು.

ಬ್ಯಾಟರಿಯ ವೋಲ್ಟ್ ನೋಡಿ ಮರುಳಾಗಬೇಡಿ. 18, 20, 21 ಎಂದು ಬರೆದಿರುವವು ಬಹುಪಾಲು ಒಂದೇ, ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳು. ಸೆಲ್ಲಿಗೆ 3.6 ಲೆಕ್ಕ ಹಿಡಿದರೆ 18, ಚಾರ್ಜ್ ತುಂಬಿದಾಗಿನ 4.2 ಹಿಡಿದರೆ 21. ಅಗ್ಗದ ಗನ್‌ಗಳ ಮೇಲೆ ಕಾಣುವ 48, 88 ಎಷ್ಟೋ ಸಲ ಬರೀ ಹೆಸರು. 4 ಆಂಪಿಯರ್ ಅವರ್‌ನ (ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಬ್ಯಾಟರಿ, ಬ್ರಷ್‌ಲೆಸ್ ಅಂದರೆ ಒಳಗೆ ಕಾರ್ಬನ್ ಬ್ರಷ್ ಇಲ್ಲದ ಮೋಟಾರು ಇದ್ದರೆ ಸಾಕು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಊರಿನವರು ಗಾಳಿ ಶುರುವಾಗುವ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಡಬೇಡಿ.

ಬಿಚ್ಚುವಾಗ ನಟ್ಟು ಸಡಿಲವಾದ ಕೂಡಲೇ ತಾನೇ ನಿಲ್ಲುವ ಸೌಲಭ್ಯವಿದ್ದರೆ ನೂರಿನ್ನೂರು ಹೆಚ್ಚು ಕೊಟ್ಟಾದರೂ ಅದನ್ನೇ ಆರಿಸಿ. ಘಾಟಿಯಲ್ಲಿ ಹಾರಿಹೋದ ನಟ್ಟು ಚರಂಡಿ ದಾಟಿ ಕೆಳಗಿನ ತೋಟ ಸೇರಿದರೆ ಹುಡುಕುವುದು ಯಾರು?

ಗನ್ನಿನ ಮೂತಿಗೆ ಸಿಕ್ಕಿಸಿ ನಟ್ಟಿಗೆ ತೊಡಿಸುವ ಸಾಕೆಟ್ಟಿನಲ್ಲಿ ಜಿಪುಣತನ ಸಲ್ಲದು. ಫಳಫಳ ಹೊಳೆಯುವ ಕ್ರೋಮ್ ಸಾಕೆಟ್ ಕೈಕೆಲಸಕ್ಕೆ. ಗನ್ನಿನ ಏಟಿಗೆ ಅದು ಸಿಡಿದು ಚೂರು ಕಣ್ಣಿಗೆ ಬಡಿಯಬಹುದು. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಕೇಳಿ. ಮಾರುತಿ ಕಾರುಗಳಿಗೆ ಸಾಮಾನ್ಯವಾಗಿ 19 ಮಿ.ಮೀ., ಹ್ಯುಂಡೈಗೆ 21, ಸ್ಕೋಡಾ, ಫೋಕ್ಸ್‌ವ್ಯಾಗನ್‌ಗೆ 17. ಆದರೂ ಗಾಡಿಯ ಸ್ಪ್ಯಾನರನ್ನು ಅಂಗಡಿಗೆ ಒಯ್ದು ತಾಳೆ ನೋಡುವುದೇ ಒಳ್ಳೆಯದು. ಅಲಾಯ್ ಚಕ್ರವಾದರೆ ತೆಳು ಗೋಡೆಯ, ಪ್ಲಾಸ್ಟಿಕ್ ಕವಚದ ಉದ್ದ ಸಾಕೆಟ್ ಬೇಕು. ಕಳ್ಳತನ ತಡೆಯುವ ಲಾಕ್ ನಟ್ಟಿಗೆ ಮಾತ್ರ ಗನ್ ಹಿಡಿಯಲೇಬೇಡಿ.

ಇನ್ನು ಚಕ್ರ ಬದಲಿಸುವುದು. ಆದಷ್ಟು ಸಮತಟ್ಟು ಜಾಗಕ್ಕೆ ಗಾಡಿ ತನ್ನಿ, ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ನಿಲ್ಲಿಸಿ, ಇಳಿಜಾರಿನ ಕಡೆ ಚಕ್ರಕ್ಕೆ ಕಲ್ಲು ಕೊಡಿ. ನೆನೆದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಅಡಿಗೆ ಇಡಲು ದಪ್ಪನೆಯ ಹಲಗೆಯೊಂದು ಡಿಕ್ಕಿಯಲ್ಲಿರಲಿ. ಸಿಲ್ವರ್ ಓಕ್ ಕೊಯ್ಯಿಸಿದಾಗ ಉಳಿದ ತುಂಡು ಸಾಕು. ಚಕ್ರ ನೆಲಕ್ಕಿದ್ದಾಗಲೇ ನಟ್ಟು ಸಡಿಲಿಸಿ, ಆಮೇಲೆ ಎತ್ತಿ. ಸ್ಟೆಪ್ನಿ ಕೂರಿಸಿದ ಮೇಲೆ ಪ್ರತಿ ನಟ್ಟನ್ನೂ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಹಾಕಿ. ಮರೆ (ನಟ್ಟು, ಸ್ಟಡ್‌ಗಳ ಸುರುಳಿ ಗೆರೆ) ತಪ್ಪಿ ಕೂತಿದ್ದರೆ ಬೆರಳಿಗೆ ತಿಳಿಯುತ್ತದೆ, ಗನ್ನಿಗೆ ತಿಳಿಯುವುದಿಲ್ಲ. ಮರೆಗೆ ಎಣ್ಣೆ ಹಚ್ಚಬೇಡಿ. ಕೈಪಿಡಿಯ ಅಂಕಿ ಸಾಮಾನ್ಯವಾಗಿ ಒಣ ಮರೆಗೆ; ಎಣ್ಣೆ ಇದ್ದರೆ ಅದೇ ಬಲಕ್ಕೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಸಾಕು.

ಕೊನೆಯ ಬಿಗಿತಕ್ಕೆ ಗನ್ ಬೇಡವೇ ಬೇಡ. ಹಾಗೆ ಬಿಗಿದದ್ದರಿಂದಲೇ ನಾನು ಮಳೆಯಲ್ಲಿ ನಿಂತದ್ದು. ಜಾಕ್ ಇಳಿಸಿ, ಎದುರು ಬದುರಿನ ನಟ್ಟುಗಳನ್ನು ಒಂದಾದ ಮೇಲೊಂದು ಟಾರ್ಕ್ ರೆಂಚಿನಿಂದ (ಬೇಕಾದ ಬಲವನ್ನು ಮೊದಲೇ ಹೊಂದಿಸಿಕೊಳ್ಳುವ ಸ್ಪ್ಯಾನರ್) ಟಕ್ ಎನ್ನುವವರೆಗೆ ಬಿಗಿಯಿರಿ. ಅದಿಲ್ಲದವರು ಗಾಡಿಯ ಸ್ಪ್ಯಾನರನ್ನು ಕೈಯಲ್ಲೇ ಗಟ್ಟಿಯಾಗಿ ಎಳೆಯಿರಿ, ಹತ್ತಿ ನಿಲ್ಲಬೇಡಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಮಡಿಕೇರಿಯಲ್ಲಿ ಚಕ್ರ ಬದಲಿಸಿ ಮಂಗಳೂರಿಗೆ ಹೊರಟವರು ಸುಳ್ಯ ದಾಟಿ ಟೀ ಕುಡಿಯಲು ನಿಲ್ಲಿಸಿದಾಗ ಆ ಕೆಲಸ ಮುಗಿಸಿಕೊಳ್ಳಿ.